ತೋಟಪಟ್ಟಿ: ಕೊಳೆ ಎಂದರೆ ಯಾವ ಕೊಳೆ?

ಹಾನಗಲ್ಲ ತಾಲೂಕಿನ ನಮ್ಮ ವಾಚಕರೊಬ್ಬರು ಬರೆದ ಪತ್ರದ ತಾತ್ಪರ್ಯವಿಷ್ಟು: ಅವರು ಎರಡು ವರ್ಷಗಳಿಂದ ಹಸಿ ಶುಂಠಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಹೇಳುವದಾದರೆ ‘ಅಲ್ಲ’ವನ್ನು, ಬೆಳೆಯುತ್ತಿರುವರು. ಮಳೆ ಬಲವಾಗುತ್ತಲೆ ಗಿಡದ ಕೆಳಗಣ ಎಲೆಗಳು ತುದಿಯಿಂದ ಹಳದಿಯಾದವು. ಮೆಲ್ಲಗೆ ಎಳೆದರೆ ಕಾಂಡವು ಬುಡದಿಂದ ಕಳಚಿ ಕೈಗೆ ಬಂದಿತು. ಅಗೆದು ನೋಡಲು ಗಡ್ಡೆಯು ಮೆತ್ತಗಾಗಿ ನಾರುತ್ತಿತ್ತು. ಪೇಟೆಯ ಅಂಗಡಿಯೊಂದಕ್ಕೆ ಹೋಗಿ ‘ಕೊಳೆಗೆ ಔಷಧ ಕೊಡಿರಿ’ ಎಂದು ಕೇಳಿ, ಕೊಟ್ಟದ್ದನ್ನು ಮೂರು ಸಲ ಹೊಡೆದರು. ರೋಗವು ಮಡಿಯಿಂದ ಮಡಿಗೆ ಹಬ್ಬುತ್ತಲೇ ಇದೆ. ಮಗಳ ಮದುವೆಗೆಂದು ನೆಚ್ಚಿದ ಬೆಳೆ. ‘ಔಷಧವು ಖೊಟ್ಟಿಯೋ, ನನ್ನ ದೈವವೇ ಖೊಟ್ಟಿಯೋ, ತಿಳಿಸಿರಿ’ ಎಂದು ಕೇಳಿರುವರು.

ಪೊಟ್ಟಣದ ಮೇಲಿನ ಹೆಸರನ್ನೂ ಅವರು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಅದು ಕಾರ್ಬೆಂಡಜಿಮ್. ಅದು ಖೊಟ್ಟಿಯಲ್ಲ, ಹಲವು ಬಗೆಯ ಬೂಷ್ಟುಗಳಿಗೆ ತಕ್ಕ ಔಷಧವೇ. ಆದರೆ ಶುಂಠಿಯ ಗಡ್ಡೆಯನ್ನು ಕೊಳೆಯಿಸುವ ಮುಖ್ಯ ವೈರಿಗೆ ಅದು ತಾಗುವದೇ ಇಲ್ಲ. ಮೇಲಾಗಿ ಆ ವೈರಿಯನ್ನು ಹತ್ತಿಕ್ಕಿಟ್ಟಿದ್ದ ಮಣ್ಣಿನ ಇತರ ಬೂಷ್ಟುಗಳನ್ನು ಕೊಂದು, ಅದಕ್ಕೆ ಕೆಲವೊಮ್ಮೆ ಹಾದಿಯನ್ನೇ ಮಾಡಿಕೊಡುವದು. ಅಂಗಡಿಯವನನ್ನು ಬೈದು ಫಲವೇನು? ಕೇಳಿದವರು ‘ಕೊಳೆ’ ಎಂದರು, ಕೊಟ್ಟವನು ಕೊಳೆಗೇ ಕೊಟ್ಟನು.

ಈ ವೈರಿಯ ಹೆಸರು ಪಿಥಿಯಮ್. ನೀರುಬೂಷ್ಟು ಎಂದು ಕರೆಯಬಹುದಾದ ಕುಲಕ್ಕೆ ಸೇರಿದ್ದು. ಬಿಳಿಯ ನೂಲಿನಂಥ ಎಳೆಗಳಿಂದ ಹಬ್ಬುವದರಿಂದ ಬಹುಕಾಲ ವಿದ್ವಾಂಸರೂ ಇದನ್ನು ಅಣಬೆಯ ಬಳಗದಲ್ಲಿಯೇ ಎಣಿಸಿದ್ದರು. ಈಗ ಹಾಗಲ್ಲ. ಅಣಬೆ-ಬೂಷ್ಟುಗಳ ಕೋಶದ ಗೋಡೆಯು ಜೀರುಂಡೆಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವಿನಿಂದ ಕೂಡಿದ್ದರೆ, ನೀರುಬೂಷ್ಟಿನ ಗೋಡೆಯು ಗಿಡಗಳಲ್ಲಿರುವಂತೆ ಸೆಲ್ಯುಲೋಸಿನಿಂದ ಕೂಡಿದೆ. ವಂಶವನ್ನು ಹುಡುಕುತ್ತ ಹೋದರೆ ಇದರ ಹತ್ತಿರದ ನಂಟರು ಸಮುದ್ರದ ಕಂದುಬಣ್ಣದ ಪಾಚಿಗಳು! ಹಾನಗಲ್ಲದ ಶುಂಠಿಯ ಮಡಿಯಲ್ಲಿ ಕಡಲಪಾಚಿಯ ದಾಯಾದಿ ಕುಳಿತಿರುವನೆಂದರೆ ಯಾರಿಗಾದರೂ ನಗು ಬಂದೀತು. ಆದರೆ ಔಷಧ ತಾಗದಿರುವ ಗುಟ್ಟು ಈ ವಂಶಭೇದದಲ್ಲಿಯೇ ಇದೆ. ಅಣಬೆಯ ಕುಲಕ್ಕೆಂದು ಸಿದ್ಧಮಾಡಿದ ಮದ್ದುಗಳಲ್ಲಿ ಅನೇಕವು ಇದರ ಮೈಯಲ್ಲಿ ಹಿಡಿಯಲು ಜಾಗವನ್ನೇ ಕಾಣವು.

ಹೆಸರಿಗೆ ತಕ್ಕಂತೆ ಇದಕ್ಕೆ ನೀರೇ ವಾಹನ. ನೆಲದಲ್ಲಿ ನೀರು ನಿಂತಾಗ ಎಳೆಗಳಿಂದ ಚಿಕ್ಕ ಚೀಲಗಳು ಹುಟ್ಟಿ, ಒಡೆದು, ಕಣ್ಣಿಗೆ ಕಾಣದ ಬೀಜಾಣುಗಳನ್ನು ಹೊರಬಿಡುವವು. ಒಂದೊಂದು ಬೀಜಾಣುವಿಗೂ ಎರಡು ಬಾಲಗಳು. ಒಂದು ಚಾವಟಿಯಂತೆ ನುಣುಪು, ಇನ್ನೊಂದು ಗರಿಯಂತೆ ಕವಲೊಡೆದದ್ದು. ಬೇರಿನಿಂದ ಒಸರುವ ರಸದ ಸುಳುಹು ಹಿಡಿದು ಅವು ಈಜಿ ಬಂದು, ಬೇರಿಗೆ ಅಂಟಿ, ಬಾಲ ಉದುರಿಸಿ, ಮೊಳೆತು ಒಳಗೆ ನುಗ್ಗುವವು. ಬೇಸಿಗೆ ಬಂದರೆ ದಪ್ಪ ಗೋಡೆಯ ಬೇರೊಂದು ಬಗೆಯ ಬೀಜಾಣುವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರಬಲ್ಲವು. ಬಿಹಾರದ ಪೂಸಾದಲ್ಲಿದ್ದ ಸರಕಾರದ ಕೃಷಿ ಸಂಶೋಧನಾಲಯದಲ್ಲಿ ಎಡ್ವಿನ್ ಬಟ್ಲರ್ ಎಂಬವರು ಈ ಪಿಥಿಯಮ್ ಕುಲವನ್ನು ಅಭ್ಯಸಿಸಿ ೧೯೦೭ರಲ್ಲಿ ಬರೆದ ಗ್ರಂಥವು ಲೋಕದಲ್ಲೆಲ್ಲ ಮಾನ್ಯವಾಯಿತು.

ಇನ್ನು ‘ಕೊಳೆ’ ಎಂಬ ಹೆಸರಿನ ಕಥೆ. ನಮ್ಮ ‘ಕೊಳೆರೋಗ’ ಶಬ್ದವು ಇಂಗ್ಲಿಷ್ ಶಾಸ್ತ್ರಗ್ರಂಥಗಳಲ್ಲಿ ಹಾಗೆಯೇ ಸೇರಿಕೊಂಡಿದೆ. ಆದರೆ ಒಂದಲ್ಲ, ಎರಡು ಕಡೆ. ಕಾಫಿಯ ಎಲೆಗಳನ್ನು ಕೊಳೆಯಿಸುವ ಬೂಷ್ಟಿಗೆ ೧೮೭೬ರಲ್ಲಿ ಕುಕ್ ಎಂಬ ಆಂಗ್ಲ ಪಂಡಿತನು ಲ್ಯಾಟಿನ್ ಹೆಸರಿನಲ್ಲಿಯೇ ‘ಕೊಳೆರೋಗ’ವನ್ನು ಸೇರಿಸಿದನು. ಅದು ನಿಜವಾದ ಅಣಬೆಯ ಕುಲದ್ದು. ಅಡಕೆಯ ಕೊಳೆರೋಗದ ಮೂಲವನ್ನು ಕಂಡವರು ಮೈಸೂರು ಸರಕಾರದ ಚಾಕರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು. ಮಲೆನಾಡಿನ ತೋಟಗಳ ಈ ರೋಗವನ್ನು ಪರೀಕ್ಷಿಸಿ, ಇದು ಫೈಟಾಫ್ತೊರ ಎಂಬ ನೀರುಬೂಷ್ಟಿನ ಕೃತ್ಯವೆಂದು ೧೯೧೦ರಲ್ಲಿ ಅವರು ಪ್ರಕಟಿಸಿದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಗಿಡಗಳ ಸಂಹಾರಕ ಎಂದರ್ಥ. ೧೮೪೫ರಿಂದ ಐರ್ಲಂಡದ ಬಟಾಟೆಯನ್ನು ಹಾಳುಗೆಡವಿ ಲಕ್ಷಾಂತರ ಜನರ ಸಾವಿಗೆ ಕಾರಣವಾದದ್ದೂ ಇದೇ ಕುಲದ ಇನ್ನೊಂದು ಜಾತಿ. ನೋಡಿರಿ, ಕನ್ನಡದಲ್ಲಿ ಹೆಸರು ಒಂದೇ, ರೋಗದ ಬೀಜವು ಮಾತ್ರ ಬೇರೆ ಬೇರೆ.

ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ನೀರುಬೂಷ್ಟು ಕಾಲಿಡದ ಊರು ವಿರಳ. ಹಾನಗಲ್ಲದ ಅಡಕೆತೋಟದಲ್ಲಿ ಕಾಯಿಯ ತೊಟ್ಟಿನ ಬಳಿ ನೀರು ತೋಯ್ದಂಥ ಕಡುಹಸುರು ಮಚ್ಚೆ ಮೂಡಿ, ಹೊಳಪು ಹೋಗಿ, ಕಾಯಿಗಳು ಮರದ ಬುಡದಲ್ಲಿ ಉದುರಿ ಬಿದ್ದು ಬಿಳಿಯ ಬೂಷ್ಟು ಹೊದೆಯುವವು. ಸವಣೂರ ಎಲೆಯ ಕೀರ್ತಿಯನ್ನು ನಾವು ಹೇಳಬೇಕಾಗಿಲ್ಲ. ಆ ಎಲೆಬಳ್ಳಿಯ ಬುಡವನ್ನೂ, ನೆಲಕ್ಕೆ ಹತ್ತಿರದ ಎಲೆಗಳನ್ನೂ ಕೊಳೆಯಿಸುವದು ಮತ್ತೊಂದು ಫೈಟಾಫ್ತೊರ. ಶಿಗ್ಗಾಂವದ ಕಡೆ ಮೆಣಸಿನ ಸಸಿಮಡಿಯಲ್ಲಿ ನಿನ್ನೆ ನಿಂತಿದ್ದ ಸಸಿ ಇಂದು ಬುಡ ಕರಗಿ ಮಲಗಿದರೆ ಪಿಥಿಯಮ್ಮನ್ನು ಮೊದಲು ಶಂಕಿಸತಕ್ಕದ್ದು. ಹಿರೇಕೆರೂರ ಗೋವಿನಜೋಳದ ಹೊಲಗಳಲ್ಲಿ ಎಲೆಗಳು ಕೇದಿಗೆಯಂತೆ ಬಿಳಿಚುವ ‘ಕೇದಿಗೆ ರೋಗ’ವೂ ಇದೇ ವಂಶದ್ದು, ಆದರೆ ಈ ಶಾಖೆಯು ಈಜುವದನ್ನು ಬಿಟ್ಟು ಗಾಳಿಯಲ್ಲಿ ಹಾರುವದನ್ನು ಕಲಿತಿದೆ. ಅದರ ಬೀಜಾಣುಗಳು ರಾತ್ರಿಯಲ್ಲಿ ಹುಟ್ಟುವವಾದ್ದರಿಂದ, ಎಲೆಯ ಕೆಳಮೈಯ ಬಿಳಿಯ ನಯವಾದ ತುಪ್ಪಟವನ್ನು ನೋಡಬೇಕೆಂದರೆ ಹೊತ್ತು ಏರುವದರೊಳಗೆ ಹೊಲಕ್ಕೆ ಹೋಗಬೇಕು.

ಗುರುತಿಸುವ ಬಗೆಗೆ ಬರೋಣ. ಶುಂಠಿಗೆ ಇನ್ನೊಬ್ಬ ಶತ್ರುವಿದೆ, ಬ್ಯಾಕ್ಟೀರಿಯ. ಅದು ತಾಗಿದರೆ ಎಲೆಗಳು ಸಾಕಷ್ಟು ಹಳದಿಯಾಗುವ ಮೊದಲೇ ಸುರುಳಿಗೊಂಡು ಗಿಡವು ಬೇಗನೆ ಬಾಡುವದು. ಸಂದೇಹವಿದ್ದರೆ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ರೋಗ ಹತ್ತಿದ ಕಾಂಡದ ಬುಡದಿಂದ ಎರಡು ಬೆರಳುದ್ದದ ತುಂಡನ್ನು ಹರಿತ ಚಾಕುವಿನಿಂದ ಕೊಯ್ದು, ಗಾಜಿನ ಗ್ಲಾಸಿನ ತಿಳಿನೀರಿನಲ್ಲಿ ಅದರ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯ; ನೀರುಬೂಷ್ಟಿನ ಮದ್ದು ಅಲ್ಲಿ ವ್ಯರ್ಥ. ಎಳೆ ಇಳಿಯದಿದ್ದರೆ ನೀರುಬೂಷ್ಟಿನ ಶಂಕೆ ಬಲವಾಗುವದು, ಖಾತ್ರಿಯಾಗದು.

ಖಾತ್ರಿಗೆ ಸೂಕ್ಷ್ಮದರ್ಶಕವೇ ಬೇಕು. ಪ್ರಯೋಗಾಲಯದವರು ಒಂದು ಜಾಣತನ ಮಾಡುವರು. ಮೀನಿಗೆ ಗಾಳ ಹಾಕುವಂತೆ, ಶಂಕೆಯ ಮಣ್ಣನ್ನು ಬಟ್ಟಲಿನಲ್ಲಿ ಹಾಕಿ, ಮೇಲೆ ನೀರು ನಿಲ್ಲಿಸಿ, ಎಲೆಯ ಚೂರುಗಳನ್ನು ತೇಲಬಿಡುವರು. ಮಣ್ಣಿನಲ್ಲಿ ಈಜುಗಾರರಿದ್ದರೆ ಕೆಲವು ದಿನಗಳಲ್ಲಿ ಚೂರುಗಳ ಅಂಚು ಕೊಳೆಯತೊಡಗುವದು. ಅಲ್ಲಿಂದ ವೈರಿಯನ್ನು ಎತ್ತಿ ಬೆಳೆಸುವರು. ಫೈಟಾಫ್ತೊರವಾದರೆ ಅನೇಕ ಸಲ ನಿಂಬೆಹಣ್ಣಿನ ಆಕಾರದ ಚೀಲಗಳು ಕಾಣುವವು. ಜಾತಿಯನ್ನು ನಿರ್ಣಯಿಸಲು ಈಗ ವಂಶತಂತುವಿನ ಅಕ್ಷರಗಳನ್ನೂ ಓದುವರು.

ಮದ್ದಿನ ಮಾತು. ನೀರುಬೂಷ್ಟಿಗೆ ತಾಗುವ ಹೊಸ ಮದ್ದುಗಳಲ್ಲಿ ಮೆಟಲಾಕ್ಸಿಲ್ ಮುಖ್ಯ. ಆದರೆ ಅದೊಂದನ್ನೇ ಪದೇ ಪದೇ ಹಾಕಿದರೆ ವೈರಿಯು ಅದಕ್ಕೆ ಒಗ್ಗಿಕೊಳ್ಳುವದು. ಅಡಕೆಗೆ ಇಂದಿಗೂ ಹಳೆಯ ಬೋರ್ಡೋ ದ್ರಾವಣವೇ ಆಧಾರ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗವಿಲ್ಲದ್ದನ್ನು ಕಂಡ ಮಿಲಾರ್ದೆ ಎಂಬ ಪ್ರಾಧ್ಯಾಪಕನು ೧೮೮೫ರಲ್ಲಿ ಈ ಮದ್ದನ್ನು ಪ್ರಕಟಿಸಿದನು. ೧ ಕಿಲೋ ಮೈಲುತುತ್ತವನ್ನೂ ೧ ಕಿಲೋ ಸುಣ್ಣವನ್ನೂ ತಲಾ ೫೦ ಲೀಟರು ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯತಕ್ಕದ್ದು. ಲೋಹದ ಪಾತ್ರೆ ಬೇಡ. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮುಂಗಾರು ಹಿಡಿಯುವ ಮೊದಲೊಮ್ಮೆ, ೪೦-೪೫ ದಿನಗಳ ತರುವಾಯ ಮತ್ತೊಮ್ಮೆ ಗೊನೆಗಳಿಗೆ ಹೊಡೆಯುವದು ರೂಢಿ. ಶುಂಠಿಗಾದರೋ ಎಲ್ಲಕ್ಕೂ ಮೊದಲಿನ ಮದ್ದು ನೀರು ಬಸಿಯುವ ಕಾಲುವೆ. ಏರುಮಡಿ ಮಾಡಿ, ರೋಗದ ಮಡಿಯ ನೀರು ಬೇರೆ ಮಡಿಗೆ ಹರಿಯದಂತೆ ಕಟ್ಟಿರಿ. ಅದೇ ಹೊಲದ ಗಡ್ಡೆಯನ್ನು ಬೀಜಕ್ಕೆ ಇಡಬೇಡಿರಿ.

ಮಾದರಿ ಕಳಿಸುವವರು ಪೂರ್ತಿ ಕೊಳೆತ ಭಾಗವನ್ನು ಕಳಿಸಬಾರದು. ಅಲ್ಲಿ ಹಿಂದಿನಿಂದ ಬಂದ ಹೊಟ್ಟೆಬಾಕ ಬೂಷ್ಟುಗಳೇ ತುಂಬಿರುವವು. ಕೊಳೆತದ್ದೂ ಗಟ್ಟಿಯಿದ್ದದ್ದೂ ಸೇರುವ ಅಂಚು ಬೇಕು. ಅದನ್ನು ಬಿಸಿಲಿಗೆ ಒಣಗಿಸದೆ ತೇವದ ಕಾಗದದಲ್ಲಿ ಸುತ್ತಿ, ಬೇರಿನ ಬುಡದ ಮಣ್ಣಿನೊಡನೆ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಬೇಗನೆ ಮುಟ್ಟಿಸಿರಿ.

ಹಾನಗಲ್ಲದವರಿಗೆ ಗ್ಲಾಸಿನ ಪರೀಕ್ಷೆಯನ್ನು ಮೊದಲೇ ಬರೆದು ತಿಳಿಸಿದ್ದೆವು. ಈ ಪುಟ ಅಚ್ಚಿಗೆ ಹೋಗುವಾಗ ಅವರ ಉತ್ತರ ಬಂದಿದೆ. ಕೆಳಗಣ ಮಡಿಯ ಕಾಂಡದಿಂದ ಹಾಲಿನ ಎಳೆ ಇಳಿಯಿತಂತೆ. ಮೇಲಣ ಮಡಿಯದರಿಂದ ಏನೂ ಇಳಿಯಲಿಲ್ಲವಂತೆ. ಎರಡೂ ಮಡಿಗಳ ಗಡ್ಡೆ-ಮಣ್ಣುಗಳನ್ನು ಬೇರೆ ಬೇರೆ ಕಟ್ಟಿ, ಮೇಲೆ ಗುರುತು ಬರೆದು ಒಯ್ಯಬೇಕೆಂದು ತಿಳಿಸಿದ್ದೇವೆ.