ಯೂಸುಫರ ಅಂಗಿ ಮತ್ತು ಕಾಣುವ ಹೃದಯ

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ಅಂಗಿ ಮೂರು ಸಂದರ್ಭಗಳಲ್ಲಿ ಬರುತ್ತದೆ. ಸಹೋದರರು ಸುಳ್ಳು ರಕ್ತ ಹಚ್ಚಿ ತಂದ ಅಂಗಿ ತಂದೆಯನ್ನು ವಂಚಿಸಲಾರದೆ ಹೋಗುತ್ತದೆ. ಹಿಂದಿನಿಂದ ಹರಿದ ಅಂಗಿ ಯೂಸುಫ್(ಅ)ರ ನಿರ್ದೋಷಿತನಕ್ಕೆ ಸಾಕ್ಷಿಯಾಗುತ್ತದೆ. ಕೊನೆಯ ಅಂಗಿ ಯಅ್‌ಕೂಬ್(ಅ)ರಿಗೆ ದೃಷ್ಟಿಯನ್ನು ಮರಳಿಸುತ್ತದೆ.

ರೂಪಕವು ಬರಿಯ ಅಲಂಕಾರವಲ್ಲ, ಮನುಷ್ಯನು ಚಿಂತಿಸುವ ರೀತಿಯೇ ಅದು ಎಂದು 1980ರಲ್ಲಿ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಪ್ರತಿಪಾದಿಸಿದರು. ಅರಿವಿನ ಭಾಷಾವಿಜ್ಞಾನಕ್ಕೆ ಇದೊಂದು ಬುನಾದಿ. ತಿಳಿಯುವುದನ್ನು ನಾವು ಕಾಣುವುದೆಂದೇ ಗ್ರಹಿಸುತ್ತೇವೆ. ಕನ್ನಡದಲ್ಲೂ ‘ಕಣ್ಣು ತೆರೆಯಿತು’ ಎನ್ನುತ್ತೇವೆ.

ಆದರೆ ಈ ವೃತ್ತಾಂತವು ಆ ರೂಪಕವನ್ನೇ ಪರೀಕ್ಷೆಗೊಡ್ಡುತ್ತದೆ. ಕಣ್ಣುಳ್ಳ ಮಕ್ಕಳಿಗೆ ಸತ್ಯ ತಿಳಿಯಲಿಲ್ಲ. ದುಃಖದಿಂದ ಕಣ್ಣು ಬೆಳ್ಳಗಾದ ತಂದೆ ದೂರದಿಂದಲೇ ಮಗನ ಪರಿಮಳವನ್ನು ಅರಿತರು. ದೃಷ್ಟಿ ಮರಳಿದಾಗಲೂ ಅವರು ನೆನಪಿಸಿದ್ದು ಕಂಡದ್ದನ್ನಲ್ಲ, ಅಲ್ಲಾಹನಿಂದ ತಮಗೆ ದೊರೆತ ಅರಿವನ್ನು. ಕುರುಡಾಗುವುದು ಕಣ್ಣಲ್ಲ, ಎದೆಯೊಳಗಿನ ಹೃದಯ ಎಂಬ ಹಜ್ಜ್ ಅಧ್ಯಾಯದ (22:46) ಎಚ್ಚರಿಕೆ ಇಲ್ಲಿ ಕಥೆಯಾಗಿದೆ.

ಇಂತಹ ಅಧ್ಯಯನವು ತಫ್ಸೀರ್‌ಗೆ ಬದಲಿಯಲ್ಲ. ಮಾನವ ನಿರ್ಮಿತ ಸಿದ್ಧಾಂತವು ದಿವ್ಯವಾಣಿಯ ತೀರ್ಪುಗಾರನೂ ಅಲ್ಲ. ಆದರೆ ಪದಗಳ ಬಳಿ ನಿಂತು ಚಿಂತಿಸಲು ಅದು ನೆರವಾಗುವುದಾದರೆ ನಾವೇಕೆ ಹಿಂಜರಿಯಬೇಕು? ನಮ್ಮ ಮಕ್ಕಳು ಈ ಅಧ್ಯಾಯವನ್ನು ಇಂಪಾಗಿ ಪಠಿಸುತ್ತಾರೆ. ಇಂದು ರಾತ್ರಿ ಅವರೊಡನೆ ಕುಳಿತು, “ಇಲ್ಲಿ ಕಂಡವರು ಯಾರು, ತಿಳಿದವರು ಯಾರು?” ಎಂದು ಕೇಳೋಣ. ಆ ಪ್ರಶ್ನೆಯಿಂದಲೇ ತದಬ್ಬುರ್ ಆರಂಭವಾಗಲಿ.