ದೀಪಗೊಂಚಲಿನ ಹಿಂದಿನ ಲೆಕ್ಕ: ರಂಗವೈಭವಕ್ಕೆ ನೆಲೆ ಎಲ್ಲಿ?

ಮೊದಲ ಅಂಕ ಮುಗಿಯುವ ಹೊತ್ತು. ಪ್ರೇಕ್ಷಕರ ನೆತ್ತಿಯ ಮೇಲೆ ತೂಗುತ್ತಿದ್ದ ಬೃಹತ್ ದೀಪಗೊಂಚಲು ಒಮ್ಮೆಲೇ ಕಳಚಿಕೊಂಡು ವೇದಿಕೆಯತ್ತ ಧಾವಿಸುತ್ತದೆ. ಅದು ಬೀಳುತ್ತದೆ ಎಂಬುದು ಗೊತ್ತಿದ್ದೇ ಟಿಕೆಟ್ ಕೊಂಡವರೂ ಆ ಕ್ಷಣದಲ್ಲಿ ಉಸಿರು ಬಿಗಿಹಿಡಿಯುತ್ತಾರೆ. ಆಂಡ್ರ್ಯೂ ಲಾಯ್ಡ್ ವೆಬ್ಬರ್ ಸಂಗೀತದ 'ದಿ ಫ್ಯಾಂಟಮ್ ಆಫ್ ದಿ ಒಪೇರಾ' 1986ರ ಅಕ್ಟೋಬರ್ 9ರಂದು ಲಂಡನ್ನಿನಲ್ಲಿ ಆರಂಭವಾದಾಗಿನಿಂದ ಜಗತ್ತು ನೋಡುತ್ತ ಬಂದಿರುವ ದೃಶ್ಯವಿದು. 2025ರ ಮಾರ್ಚ್‌ನಲ್ಲಿ ಅದು ಮುಂಬೈಯ ನೀತಾ ಮುಖೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರಕ್ಕೂ ಬಂದಿತು.

ಬೆಂಗಳೂರಿನ ರಂಗಾಸಕ್ತರು ಇದನ್ನು ನೋಡಬೇಕಿದ್ದರೆ ಸಾವಿರಾರು ರೂಪಾಯಿಯ ಟಿಕೆಟ್ಟಿನ ಜೊತೆಗೆ ಪ್ರಯಾಣದ ವೆಚ್ಚವನ್ನೂ ತೆತ್ತು ಮುಂಬೈಗೆ ಹೋಗಬೇಕಿತ್ತು. ಇಂಥ ವೈಭವ ನಮ್ಮಲ್ಲೇಕೆ ಇಲ್ಲ ಎಂಬ ಪ್ರಶ್ನೆ ಸಹಜ. ಹಣವಿಲ್ಲ, ತಂತ್ರಜ್ಞಾನವಿಲ್ಲ, ಕನ್ನಡಿಗರಿಗೆ ನಾಟಕದ ಅಭಿರುಚಿ ಉಳಿದಿಲ್ಲ ಎಂಬ ಉತ್ತರಗಳೂ ಅಷ್ಟೇ ಸಿದ್ಧವಾಗಿವೆ. ಆದರೆ ಈ ಬಗೆಯ ನಾಟಕಗಳ ಆಯವ್ಯಯವನ್ನೂ ನಮ್ಮದೇ ರಂಗಭೂಮಿಯ ಚರಿತ್ರೆಯನ್ನೂ ಒಟ್ಟಿಗಿಟ್ಟು ನೋಡಿದರೆ ಈ ಉತ್ತರಗಳು ಸಾಲುವುದಿಲ್ಲ. ನಿಜವಾದ ಕೊರತೆ ಬೇರೆ ಕಡೆ ಇದೆ.

ಒಂದೇ ಮಂದಿರದಲ್ಲಿ 35 ವರ್ಷ

ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಫ್ಯಾಂಟಮ್ ಆರಂಭವಾದದ್ದು 1988ರ ಜನವರಿ 26ರಂದು. ಅದೇ ಮೆಜೆಸ್ಟಿಕ್ ರಂಗಮಂದಿರದಲ್ಲಿ 2023ರ ಏಪ್ರಿಲ್ 16ರಂದು ಕೊನೆಯ ಪ್ರದರ್ಶನ ಕಂಡಿತು. ನಡುವಿನ 35 ವರ್ಷಗಳಲ್ಲಿ ಆದ ಪ್ರದರ್ಶನಗಳು 13,981. ಕೋವಿಡ್‌ನ ಬಿಡುವನ್ನು ಹೊರತುಪಡಿಸಿದರೆ ವಾರಕ್ಕೆ ಎಂಟು ಆಟ ಎಂಬುದು ಅದರ ನೇಮ. ಬ್ರಾಡ್‌ವೇ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ನಡೆದ ಇನ್ನೊಂದು ನಾಟಕವಿಲ್ಲ.

ಇಷ್ಟಾಗಿಯೂ ಅದು ನಿಂತದ್ದೇಕೆ? ಕೊನೆಯ ವರ್ಷಗಳಲ್ಲಿ ಅದರ ವಾರದ ನಿರ್ವಹಣಾ ವೆಚ್ಚ ಸುಮಾರು ಒಂಬತ್ತೂವರೆ ಲಕ್ಷ ಡಾಲರ್ ಎಂದು ವರದಿಯಾಗಿತ್ತು. ಮೆಜೆಸ್ಟಿಕ್‌ನಲ್ಲಿ ಇರುವುದು ಸುಮಾರು 1,600 ಆಸನ. ಎಂಟು ಆಟಕ್ಕೆ 12,800 ಆಸನಗಳಾದವು. ಎಲ್ಲವೂ ಭರ್ತಿಯಾದರೆ ಪ್ರತಿ ಆಸನದಿಂದ ಸರಾಸರಿ 74 ಡಾಲರ್ ಬಂದರೆ ವೆಚ್ಚ ಸರಿದೂಗುತ್ತದೆ. ಶೇ 60ರಷ್ಟು ಮಾತ್ರ ಭರ್ತಿಯಾದರೆ ಅದೇ ಮೊತ್ತ 124 ಡಾಲರ್ ಸಮೀಪಕ್ಕೆ ಏರುತ್ತದೆ. ಕೋವಿಡ್ ನಂತರ ನ್ಯೂಯಾರ್ಕಿಗೆ ಬರುವ ವಿದೇಶಿ ಪ್ರವಾಸಿಗರ ಸಂಖ್ಯೆ ಕುಸಿದಾಗ ಫ್ಯಾಂಟಮ್ ಸಿಲುಕಿದ್ದು ಈ ಇಕ್ಕಟ್ಟಿನಲ್ಲಿ.

ವೈಭವದ ನಾಟಕಕ್ಕೆ ಎರಡು ಬಗೆಯ ಖರ್ಚು. ದೃಶ್ಯಸಜ್ಜು, ಉಡುಪು, ಯಂತ್ರಗಳಿಗೆ ಒಮ್ಮೆ ಸುರಿಯುವ ಬಂಡವಾಳ ಒಂದು. ನಟರು, ವಾದಕರು, ತೆರೆಮರೆಯ ಕೆಲಸಗಾರರಿಗೆ ವಾರ ವಾರ ಕೊಡಬೇಕಾದ ಸಂಬಳ ಇನ್ನೊಂದು. ಮೊದಲನೆಯದನ್ನು ಹಗುರ ಮಾಡುವ ಉಪಾಯ ಒಂದೇ. ಅದೇ ನಾಟಕವನ್ನು, ಅದೇ ಸ್ಥಳದಲ್ಲಿ, ಸಾಧ್ಯವಾದಷ್ಟು ಹೆಚ್ಚು ಸಲ ಆಡುವುದು. ಒಂದು ಟನ್ ತೂಕದ ದೀಪಗೊಂಚಲನ್ನು ಹತ್ತು ಆಟಕ್ಕಾಗಿ ಕಟ್ಟಿದರೆ ಅದು ದುಂದು. ಹದಿನಾಲ್ಕು ಸಾವಿರ ಆಟಕ್ಕಾಗಿ ಕಟ್ಟಿದರೆ ಅದು ಉಳಿತಾಯ.

ಆನೆ ಏರಿದ ರಂಗ

ಈ ಲೆಕ್ಕ ಕನ್ನಡ ನಾಟಕ ಕಂಪನಿಗಳಿಗೆ ಹೊಸದೇನೂ ಆಗಿರಲಿಲ್ಲ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ದಕ್ಷಿಣ ಭಾರತದ ದೊಡ್ಡ ಕಂಪನಿಗಳಲ್ಲಿ ಒಂದಾಯಿತು. 1934ರಲ್ಲಿ ಅದು ಆಡಿದ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆಗಳು ರಂಗವೇರಿದವು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡ ವರ್ಷವೂ ಅದೇ. ಮಾತಾಡುವ ಬೆಳ್ಳಿತೆರೆ ಬಾಗಿಲಿಗೆ ಬಂದು ನಿಂತ ಹೊತ್ತಿನಲ್ಲಿ ರಂಗಭೂಮಿ ತನ್ನ ದೊಡ್ಡ ಸಾಹಸಕ್ಕೆ ಕೈಹಾಕಿತ್ತು ಎಂಬುದು ಗಮನಾರ್ಹ.

ಕಂಪನಿ ನಾಟಕ ಎಂದರೆ ಸಂಗೀತ ನಾಟಕವೇ. ಕಾಲು ಹಾರ್ಮೋನಿಯಂ ಮತ್ತು ತಬಲಾದ ಮೇಳವಿಲ್ಲದೆ ಪರದೆ ಏಳುತ್ತಿರಲಿಲ್ಲ. ಹಾಡಲು ಬಾರದ ನಟನಿಗೆ ನಾಯಕ ಪಾತ್ರ ದಕ್ಕುತ್ತಿದ್ದುದು ಅಪರೂಪ. ಹಾಡು ಮೆಚ್ಚಿದ ಜನ 'ಒನ್ಸ್ ಮೋರ್' ಎಂದು ಕೂಗಿದರೆ ಕಥೆ ಅಲ್ಲಿಯೇ ನಿಂತು ಹಾಡು ಮರುಕಳಿಸುತ್ತಿತ್ತು. ಇಡೀ ಕುಟುಂಬ ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಬಂದು ಬೆಳಗಿನ ಜಾವ ಊರಿಗೆ ಮರಳುವ ಆ ರಾತ್ರಿ, ಅಂದಿನ ಹಳ್ಳಿಗರ ಪಾಲಿಗೆ ವರ್ಷದ ಸಂಭ್ರಮ. ಕುರ್ಚಿ, ಬೆಂಚು, ನೆಲ ಎಂದು ದರಗಳು ಬೇರೆಯಾಗಿದ್ದವು. ಕುರ್ಚಿಯಲ್ಲಿ ಕುಳಿತ ಸಾಹುಕಾರನೂ ನೆಲದ ಮೇಲಿನ ಕೂಲಿಕಾರನೂ ನೋಡಿದ್ದು ಒಂದೇ ಆನೆಯನ್ನು.

ಆನೆಗೆ ದಿನವೂ ಮೇವು ಬೇಕು, ಆಟವಿರಲಿ ಇಲ್ಲದಿರಲಿ. ಕಂಪನಿಗಳು ಅದನ್ನು ತೂಗಿಸಿದ್ದು ಮೊಕ್ಕಾಂ ಪದ್ಧತಿಯಿಂದ. ಒಂದು ಊರಿನಲ್ಲಿ ತಮ್ಮದೇ ತಗಡಿನ ಥಿಯೇಟರ್ ಎಬ್ಬಿಸಿ, ಕಲೆಕ್ಷನ್ ಇರುವವರೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಆಡುವುದು. ಜನ ಕಡಿಮೆಯಾದಾಗ ಮುಂದಿನ ಊರಿಗೆ ಹೊರಡುವುದು. ಬ್ರಾಡ್‌ವೇಯಲ್ಲಿ ಮಂದಿರ ನಿಂತಲ್ಲೇ ನಿಂತು ಪ್ರವಾಸಿಗರು ಬದಲಾಗುತ್ತಾರೆ. ಇಲ್ಲಿ ಮಂದಿರವೇ ಊರಿಂದೂರಿಗೆ ನಡೆಯುತ್ತಿತ್ತು. ದಾರಿ ಬೇರೆ, ತತ್ತ್ವ ಒಂದೇ: ಕಟ್ಟಿದ್ದನ್ನು ಬಿಚ್ಚದೆ ದಿನದಿನವೂ ಆಡಲು ಒಂದು ನೆಲೆ. ಡಾ. ರಾಜ್‌ಕುಮಾರ್, ಬಿ.ವಿ. ಕಾರಂತರಂಥವರು ಪಳಗಿದ್ದು ಇದೇ ಗುಬ್ಬಿ ಕಂಪನಿಯ ಗರಡಿಯಲ್ಲಿ. ನಿತ್ಯದ ಆಟವೇ ಅಲ್ಲಿ ಪಾಠಶಾಲೆಯಾಗಿತ್ತು.

ಈ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಬೀಡುಬಿಟ್ಟು ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಅಲ್ಲಿ ಆನೆ, ಕುದುರೆಗಳಿಲ್ಲ. ಹಾಸ್ಯವೇ ಬಂಡವಾಳ. ದ್ವಂದ್ವಾರ್ಥದ ಮಾತುಗಳ ಬಗ್ಗೆ ಆಕ್ಷೇಪಗಳೂ ಇವೆ. ಆದರೆ ಟಿಕೆಟ್ ಕೊಂಡು ನಾಟಕ ನೋಡುವ ಕನ್ನಡಿಗ ಮಾಯವಾಗಿದ್ದಾನೆ ಎಂಬ ಮಾತನ್ನು ಆ ಜಾತ್ರೆ ಪ್ರತಿ ವರ್ಷ ಸುಳ್ಳಾಗಿಸುತ್ತಿದೆ.

ಮುಂಬೈ ಗಳಿಸಿದ್ದು

ಮುಂಬೈ ಈ ತತ್ತ್ವವನ್ನು ಬೇರೆ ರೀತಿಯಲ್ಲಿ ಕಂಡುಕೊಂಡಿದೆ. ಫಿರೋಜ್ ಅಬ್ಬಾಸ್ ಖಾನ್ ನಿರ್ದೇಶನದ 'ಮುಘಲ್-ಎ-ಆಜಂ' ಸಂಗೀತ ನಾಟಕ 2016ರಲ್ಲಿ ಅಲ್ಲಿನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದಲ್ಲಿ ಆರಂಭವಾಯಿತು. ಕೆ. ಆಸಿಫ್ ಅವರ 1960ರ ಚಲನಚಿತ್ರಕ್ಕೆ ಹಣ ಹೂಡಿದ್ದ ಶಾಪೂರ್‌ಜಿ ಪಲ್ಲೊಂಜಿ ಸಂಸ್ಥೆಯೇ ಇದಕ್ಕೂ ಹಣ ಹೂಡಿತು. ಕಲಾವಿದೆಯರು ತುಟಿ ಅಲ್ಲಾಡಿಸುವುದಕ್ಕೆ ತೃಪ್ತರಾಗದೆ ರಂಗದ ಮೇಲೆ ತಾವೇ ಹಾಡಿದರು. ನೃತ್ಯ ಸಂಯೋಜಿಸಿದವರು ಬೆಂಗಳೂರಿನ ಮಯೂರಿ ಉಪಾಧ್ಯ. ಅಂದರೆ ಪ್ರತಿಭೆ ಇಲ್ಲಿಯದು, ವೇದಿಕೆ ಅಲ್ಲಿಯದು.

2023ರ ಮಾರ್ಚ್ 31ರಂದು ಉದ್ಘಾಟನೆಯಾದ ಅಂಬಾನಿ ಕೇಂದ್ರದ ದೊಡ್ಡ ರಂಗಮಂದಿರದಲ್ಲಿ ಎರಡು ಸಾವಿರ ಆಸನಗಳಿವೆ. ಅಲ್ಲಿ ನಾಲ್ಕು ವಾರ, ವಾರಕ್ಕೆ ಎಂಟು ಆಟ ನಡೆದರೆ 64,000 ಟಿಕೆಟ್ ಮಾರಬಹುದು. ವಿದೇಶಿ ತಂಡವೊಂದು ತನ್ನ ಸಾಮಗ್ರಿಯನ್ನೆಲ್ಲ ಸಾಗಿಸಿ, ದಿನಗಟ್ಟಲೆ ಜೋಡಿಸಿ ಆಡಲು ಒಪ್ಪುವುದು ಈ ಸಂಖ್ಯೆಯನ್ನು ಕಂಡು. ಬೆಂಗಳೂರಿನ ಹೆಮ್ಮೆಯಾದ, 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಇರುವುದು ಮುನ್ನೂರು ಚಿಲ್ಲರೆ ಆಸನ. ಅಷ್ಟೇ ಟಿಕೆಟ್ ಮಾರಬೇಕಿದ್ದರೆ ಅಲ್ಲಿ ಸುಮಾರು ಇನ್ನೂರು ಆಟಗಳಾಗಬೇಕು. ಇದು ರಂಗಶಂಕರದ ದೋಷವಲ್ಲ. ನಟನ ಕಣ್ಣಿನ ಹೊಳಪು ಕೊನೆಯ ಸಾಲಿಗೂ ಕಾಣಬೇಕೆಂಬ ಆಪ್ತ ರಂಗಭೂಮಿಗೆ ಅದು ಹೇಳಿ ಮಾಡಿಸಿದ ತಾಣ. ದೊಡ್ಡ ಆಟಕ್ಕೆ ಬೇಕಾದ ಅಂಗಳ ಬೇರೆ.

ಒಂದು ದಿನದ ಬಾಡಿಗೆ

ದೊಡ್ಡ ಅಂಗಳಗಳು ಬೆಂಗಳೂರಿನಲ್ಲಿ ಇಲ್ಲವೇ ಇಲ್ಲ ಎಂದಲ್ಲ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ನಿರ್ಮಿಸಿದ ರವೀಂದ್ರ ಕಲಾಕ್ಷೇತ್ರವಿದೆ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವಿದೆ. ಆದರೆ ಇಂಥ ಮಂದಿರಗಳು ದೊರೆಯುವುದು ದಿನದ ಲೆಕ್ಕದಲ್ಲಿ. ಇಂದು ನಾಟಕ, ನಾಳೆ ಸನ್ಮಾನ ಸಮಾರಂಭ, ನಾಡಿದ್ದು ಶಾಲಾ ವಾರ್ಷಿಕೋತ್ಸವ. ತಂಡ ಬೆಳಿಗ್ಗೆ ಬಂದು ಸೆಟ್ ನಿಲ್ಲಿಸಬೇಕು, ಮಧ್ಯಾಹ್ನ ಬೆಳಕು ಹೊಂದಿಸಬೇಕು, ಸಂಜೆ ಆಡಬೇಕು, ರಾತ್ರಿಯೇ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಬೇಕು. ನಾಳೆ ಬಿಚ್ಚಬೇಕಾದದ್ದನ್ನು ಇಂದು ಯಾರೂ ಭವ್ಯವಾಗಿ ಕಟ್ಟುವುದಿಲ್ಲ. ನಮ್ಮ ಹವ್ಯಾಸಿ ರಂಗಭೂಮಿಯಲ್ಲಿ ಎರಡು ಪೆಟ್ಟಿಗೆ, ಒಂದು ಬಟ್ಟೆಯ ಸರಳ ರಂಗಸಜ್ಜಿಕೆ ಬೆಳೆದು ಬಂದದ್ದರ ಹಿಂದೆ ಕಲಾದೃಷ್ಟಿಯಷ್ಟೇ ಈ ಬಾಡಿಗೆ ಪದ್ಧತಿಯೂ ಇದೆ.

ನೆಲೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. ಕುವೆಂಪು ಅವರ 1967ರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' 2010ರಲ್ಲಿ ಮೈಸೂರು ರಂಗಾಯಣದ ಆವರಣದಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ನಾಟಕವಾಯಿತು. ರಂಗಪಠ್ಯ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. ಬಯಲಿನಲ್ಲೇ ಕಟ್ಟಿದ ಹಲವು ರಂಗಗಳು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವ ಪ್ರೇಕ್ಷಕರು. ರಾತ್ರಿಯಿಂದ ನಸುಕಿನವರೆಗೆ ಸುಮಾರು ಒಂಬತ್ತು ಗಂಟೆಯ ಆಟ. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಅದು ನಡೆಯಿತು. ಕೋಟಿಗಟ್ಟಲೆಯ ಯಂತ್ರಗಳು ಅಲ್ಲಿರಲಿಲ್ಲ. ಕಟ್ಟಿದ ರಂಗವನ್ನು ಮರುದಿನ ಬಿಚ್ಚಬೇಕಿಲ್ಲ ಎಂಬ ನೆಮ್ಮದಿ ಇತ್ತು. ಜನ ಕಂಬಳಿ ಹೊದ್ದು ಇರುಳಿಡೀ ಕುಳಿತರು.

ಕತ್ತರಿ ಯಾರ ಮೇಲೆ

ಹಾಗೆಂದು ಬ್ರಾಡ್‌ವೇಯ ದಾರಿಯನ್ನು ಕಣ್ಣುಮುಚ್ಚಿ ಅನುಸರಿಸಬೇಕೆಂದಲ್ಲ. ವೈಭವ ದುಬಾರಿಯಾದಾಗ ಕತ್ತರಿ ಮೊದಲು ಬೀಳುವುದು ಯಂತ್ರಗಳ ಮೇಲಲ್ಲ, ಮನುಷ್ಯರ ಮೇಲೆ. ಕೋವಿಡ್ ಬಿಡುವಿನ ನಂತರ 2021ರ ಜುಲೈನಲ್ಲಿ ಲಂಡನ್ನಿನ ಫ್ಯಾಂಟಮ್ ಮತ್ತೆ ಆರಂಭವಾದಾಗ ದೀಪಗೊಂಚಲು ಇತ್ತು. ಆದರೆ 27 ಮಂದಿಯ ವಾದ್ಯವೃಂದ 14ಕ್ಕೆ ಇಳಿದಿತ್ತು. ಸಂಗೀತಗಾರರ ಸಂಘಟನೆ ವಿರೋಧಿಸಿದರೂ ಅದು ಹಿಂದಿನ ಸಂಖ್ಯೆಗೆ ಮರಳಲಿಲ್ಲ. ನ್ಯೂಯಾರ್ಕಿನಲ್ಲಿ 27 ಮಂದಿಯ ವೃಂದ ಕೊನೆಯ ದಿನದವರೆಗೂ ಉಳಿಯಿತು. ಅಲ್ಲಿ ನಾಟಕವೇ ನಿಂತಿತು.

ನೋಡುವವರ ಕಣ್ಣಿಗೆ ಗೊಂಚಲು ಕಾಣುತ್ತದೆ. ವೇದಿಕೆಯ ಮುಂದಿನ ತಗ್ಗಿನಲ್ಲಿ ಕುಳಿತ ಹದಿಮೂರು ಮಂದಿ ಇಲ್ಲದಿರುವುದು ಕಾಣುವುದಿಲ್ಲ. ಮುದ್ರಿತ ಸಂಗೀತ ಅಗ್ಗವಾಗಿ ಸಿಗುವ ನಮ್ಮಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಾರ್ಮೋನಿಯಂ ಮಾಸ್ತರರ ಪರಂಪರೆ ತೆಳುವಾಗುತ್ತಿರುವಾಗ, ಹೊಸ ವೈಭವ ಅವರನ್ನು ಹೊರಗಿಟ್ಟು ಎಲ್‌ಇಡಿ ಪರದೆಗಳನ್ನು ಮಾತ್ರ ಒಳಗೆ ತಂದರೆ ಅದು ಸಂಗೀತ ನಾಟಕವಾಗದು, ವೇದಿಕೆಯ ಮೇಲಿನ ಸಿನಿಮಾ ಆಗುತ್ತದೆ. ಟಿಕೆಟ್ ದರದ ಪ್ರಶ್ನೆಯೂ ಇದೆ. ಗುಬ್ಬಿ ಕಂಪನಿಯ ರಂಗದಲ್ಲಿ ನೆಲದ ದರ್ಜೆ ಇತ್ತು. ಇಂದಿನ ದೊಡ್ಡ ಸಭಾಂಗಣಗಳ ನಕ್ಷೆಯಲ್ಲಿ ಅಂಥ ದರ್ಜೆಯನ್ನು ಹುಡುಕಬೇಕಾಗುತ್ತದೆ.

ಆಗಬೇಕಾದದ್ದೇನು

ಬೇಡಿಕೆ ಅತಿಯಾದದ್ದಲ್ಲ. ರಾಜಧಾನಿಯಲ್ಲಿ ಸಾವಿರಕ್ಕಿಂತ ಹೆಚ್ಚು ಆಸನಗಳ ಒಂದು ರಂಗಮಂದಿರವನ್ನಾದರೂ ವರ್ಷದ ಕೆಲವು ತಿಂಗಳು ಸಮಾರಂಭಗಳಿಂದ ಬಿಡಿಸಿ, ಒಂದೇ ತಂಡಕ್ಕೆ ನಾಲ್ಕಾರು ವಾರ ಸತತವಾಗಿ ಕೊಡುವ ನಿಯಮ ಮಾಡಬಹುದು. ರಿಯಾಯಿತಿ ದರ ಕೊಡುವಾಗ ಎರಡು ಷರತ್ತು ಹಾಕಬಹುದು: ಹಾಡು, ವಾದ್ಯ ರಂಗದಲ್ಲೇ ನುಡಿಯಬೇಕು; ಒಂದು ಪಾಲು ಆಸನ ಸಾಮಾನ್ಯರ ಕೈಗೆಟಕುವ ದರದಲ್ಲಿರಬೇಕು. ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ರಂಗಾಯಣ ಸ್ಥಾಪಿಸಿರುವ ಸರ್ಕಾರಕ್ಕೆ ಕಂಪನಿ ನಾಟಕದ ಮಹತ್ವವನ್ನು ಹೊಸದಾಗಿ ವಿವರಿಸಬೇಕಿಲ್ಲ. ಅಲ್ಲಿ ಕಲಿತವರು ಹೆಚ್ಚು ದಿನ ಆಡಲು ಒಂದು ಅಟ್ಟ ಬೇಕು, ಅಷ್ಟೇ.

ಅನುದಾನ ಕೊಟ್ಟರೆ ಒಂದು ನಾಟಕ ಹುಟ್ಟುತ್ತದೆ, ಒಂದೆರಡು ಆಟವಾಗಿ ಮಲಗುತ್ತದೆ. ನೆಲೆ ಕೊಟ್ಟರೆ ನಾಟಕ ತನ್ನ ಪ್ರೇಕ್ಷಕರನ್ನು ತಾನೇ ಹುಡುಕಿಕೊಳ್ಳುತ್ತದೆ. ಮೊದಲ ವಾರ ನೋಡಿದವರು ಎರಡನೆಯ ವಾರಕ್ಕೆ ನಾಲ್ವರಿಗೆ ಹೇಳುತ್ತಾರೆ; ಹೇಳಿಸಿಕೊಂಡವರು ಬರುವ ಹೊತ್ತಿಗೆ ನಾಟಕ ಇನ್ನೂ ನಡೆಯುತ್ತಿರಬೇಕು. 1934ರಲ್ಲಿ ಗುಬ್ಬಿ ವೀರಣ್ಣ ಆನೆಯನ್ನು ರಂಗಕ್ಕೆ ತಂದದ್ದು ನಾಳೆಯೂ ಆಟವಿದೆ ಎಂಬ ಭರವಸೆಯಿಂದ. ಆ ಭರವಸೆಯನ್ನು ಇಂದಿನ ಕನ್ನಡ ತಂಡಗಳಿಗೆ ಕೊಡುವವರು ಯಾರು ಎಂಬುದೇ ಈಗ ಉಳಿದಿರುವ ಪ್ರಶ್ನೆ.