ಬರೆದವರು ಬದಲಾದರೆ ಬರೆದದ್ದೇನು ಪಾಪ ಮಾಡಿತು?

ಕಳೆದ ತಿಂಗಳು ನಮ್ಮ ಕಾಲೇಜಿನ ಸಾಂಸ್ಕೃತಿಕ ಸಮಿತಿಯ ಸಭೆ ನಡೆಯಿತು. ವಾರ್ಷಿಕೋತ್ಸವದ ಹಿಂದಿನ ದಿನ ಯಾವ ಸಿನಿಮಾ ತೋರಿಸಬೇಕು ಎಂಬ ಮಾತು ಬಂತು. ನಾನು ‘ಬಜರಂಗಿ ಭಾಯಿಜಾನ್’ ಎಂದೆ. ಹತ್ತು ಜನರಲ್ಲಿ ಎಂಟು ಜನ ತಕ್ಷಣ ಹೂಂ ಅಂದರು. ಆಗ ಹಿಂದಿನ ಬೆಂಚಿನಿಂದ ಒಬ್ಬ ಗೆಳೆಯ ಎದ್ದು, “ಏ, ಅದು ಬ್ಯಾಡ. ಆ ಕಥಿ ಬರ್ದವರು ಈಗ ಆ ಕಡಿ ಹೋಗ್ಯಾರ. ಅವರ ಸಿನಿಮಾ ನಮ್ಮ ಕಾಲೇಜಿನಾಗ ಯಾಕ?” ಎಂದ. ಸಭೆ ಸುಮ್ಮನಾಯಿತು. ಒಬ್ಬ ಸಹೋದರಿ ಮಾತ್ರ, “ಹೋಗಿದ್ರ ಅವರು ಹೋಗ್ಯಾರ, ಮುನ್ನಿ ಎಲ್ಲಿಗೂ ಹೋಗಿಲ್ಲಲ?” ಎಂದು ಮೆಲ್ಲಗೆ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ನಾನೇ ನನ್ನ ಕೈಯಾರೆ ಪಟ್ಟಿಯಿಂದ ಆ ಹೆಸರು ಹೊಡೆದು ಹಾಕಿದೆ.

ಮನೆಗೆ ಬಂದ ಮೇಲೆ ಆ ಕೆಲಸ ಸರಿ ಅನ್ನಿಸಲಿಲ್ಲ. ಬರೆದವರು ಯಾರು, ಅವರು ಏನು ಹೇಳಿದರು ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ತೀರ್ಪು ಕೊಟ್ಟಿದ್ದೆ. ಆದ್ದರಿಂದ ಮೊದಲು ತಿಳಿದುಕೊಂಡೆ, ಈಗ ಬರೆಯುತ್ತಿದ್ದೇನೆ.

ಅವರ ಹೆಸರು ವಿ. ವಿಜಯೇಂದ್ರ ಪ್ರಸಾದ್. ಆಂಧ್ರದ ಕೊವ್ವೂರಿನವರು. ‘ಮಗಧೀರ’, ‘ಬಾಹುಬಲಿ’, ‘ಆರ್‌ಆರ್‌ಆರ್’ ಕಥೆಗಳು ಅವರದೇ. ಕನ್ನಡದ ‘ಜಾಗ್ವಾರ್’ ಚಿತ್ರಕ್ಕೂ ಅವರೇ ಕಥೆ ಕೊಟ್ಟರು. ಅವರು ನಮಗೆ ತೀರ ದೂರದವರೇನೂ ಅಲ್ಲ. ಅವರ ಮಗ, ನಿರ್ದೇಶಕ ರಾಜಮೌಳಿ ಹುಟ್ಟಿದ್ದು 1973ರಲ್ಲಿ ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಅಮರೇಶ್ವರ ಕ್ಯಾಂಪಿನಲ್ಲಿ. ತುಂಗಭದ್ರೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳು ಆ ಭಾಗದಲ್ಲಿ ಎಷ್ಟೋ ಇವೆ. ಈ ಕುಟುಂಬವೂ ಕೆಲಕಾಲ ಅಲ್ಲಿ ಬಾಳಿತ್ತು.

2015ರ ಜುಲೈ 10ಕ್ಕೆ ‘ಬಾಹುಬಲಿ’ ಬಂತು. ಒಂದೇ ವಾರಕ್ಕೆ, ಜುಲೈ 17ಕ್ಕೆ, ರಂಜಾನ್ ಹಬ್ಬದ ಹೊತ್ತಿಗೆ ‘ಬಜರಂಗಿ ಭಾಯಿಜಾನ್’ ಬಂತು. ಮಾತು ಬಾರದ ಪಾಕಿಸ್ತಾನದ ಹುಡುಗಿ ಭಾರತದಲ್ಲಿ ತಾಯಿಯಿಂದ ತಪ್ಪಿಸಿಕೊಳ್ಳುತ್ತಾಳೆ. ಹನುಮನ ಭಕ್ತ ಪವನ್ ಅವಳನ್ನು ಗಡಿ ದಾಟಿಸಿ ಮನೆ ಮುಟ್ಟಿಸುತ್ತಾನೆ. ಈ ಕಥೆಗೆ ವಿಜಯೇಂದ್ರ ಪ್ರಸಾದರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ನಮ್ಮ ಮನೆಯಲ್ಲಿ ಟಿವಿಯಲ್ಲಿ ಅದು ಬಂದಾಗಲೆಲ್ಲ ಅಮ್ಮಿ ಕೆಲಸ ಬಿಟ್ಟು ಕೂಡುತ್ತಾಳೆ, ಕೊನೆಗೆ ಪ್ರತಿಸಲವೂ ಅಳುತ್ತಾಳೆ.

ಏಳು ವರ್ಷದ ನಂತರ, 2022ರ ಜುಲೈಯಲ್ಲಿ, ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಲಾಯಿತು. ಅದೇ ಪಟ್ಟಿಯಲ್ಲಿ ಇಳಯರಾಜಾ, ಪಿ.ಟಿ. ಉಷಾ, ನಮ್ಮ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರೂ ಇದ್ದರು. ಮುಂದಿನ ತಿಂಗಳು ವಿಜಯವಾಡದ ಪುಸ್ತಕ ಬಿಡುಗಡೆಯೊಂದರಲ್ಲಿ ಅವರು ತಮ್ಮ ಮನಸ್ಸಿನ ಮಾತು ಹೇಳಿದರು. ಅದರ ಸಾರ ಇಷ್ಟು: ಮೂರ್ನಾಲ್ಕು ವರ್ಷದ ಹಿಂದಿನವರೆಗೂ ಗಾಂಧೀಜಿಯನ್ನು ಕೊಂದದ್ದು ಆರೆಸ್ಸೆಸ್ ಎಂದೇ ನಂಬಿದ್ದೆ. ಸಂಘದ ಬಗ್ಗೆ ಸಿನಿಮಾ ಬರೆಯಲು ಕರೆ ಬಂತು. ಹಣ ಕೊಡುತ್ತಾರಲ್ಲ ಎಂದು ನಾಗಪುರಕ್ಕೆ ಹೋದೆ, ಮೋಹನ್ ಭಾಗವತರನ್ನು ಕಂಡೆ, ಒಂದು ದಿನ ಇದ್ದೆ. ಇಂಥ ಸಂಸ್ಥೆಯನ್ನು ಇಷ್ಟು ದಿನ ತಿಳಿಯಲಿಲ್ಲವಲ್ಲ ಎಂದು ಪಶ್ಚಾತ್ತಾಪವಾಯಿತು. ಅದರ ಮೇಲೆ ಸಿನಿಮಾ, ವೆಬ್ ಸರಣಿ ಮಾಡುವುದಾಗಿಯೂ ಹೇಳಿದರು.

ಇದನ್ನು ಓದಿದಾಗ ನನಗೂ ಸಿಟ್ಟು ಬಂತು. ಆದರೆ ಸಿಟ್ಟಿನಲ್ಲಿ ನ್ಯಾಯ ತಪ್ಪಬಾರದು. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯಬಾರದು ಎಂಬ ತಿಳಿವಳಿಕೆ ಸೂರಾ ಮಾಇದಾದಲ್ಲಿದೆ. ಹಾಗಾಗಿ ಇರುವುದನ್ನು ಇದ್ದಂತೆ ಹೇಳುತ್ತೇನೆ. ಗಾಂಧೀಜಿ ಹತ್ಯೆಯ ನಂತರ 1948ರ ಫೆಬ್ರವರಿಯಲ್ಲಿ ಸರ್ಕಾರ ಸಂಘವನ್ನು ನಿಷೇಧಿಸಿತು, 1949ರ ಜುಲೈಯಲ್ಲಿ ನಿಷೇಧ ತೆಗೆಯಿತು. ಗೋಡ್ಸೆ ಹಿಂದೆ ಸಂಘದಲ್ಲಿದ್ದವನು. ಆದರೆ ಕೊಲೆ ಮೊಕದ್ದಮೆಯಲ್ಲಿ ಸಂಘ ಆರೋಪಿಯಾಗಿರಲಿಲ್ಲ, ಯಾವ ನ್ಯಾಯಾಲಯವೂ ಅದಕ್ಕೆ ಶಿಕ್ಷೆ ಕೊಟ್ಟಿಲ್ಲ. ಅಂದರೆ ವಿಜಯೇಂದ್ರ ಪ್ರಸಾದರು ತಮ್ಮ ಹಳೆಯ ಮಾತನ್ನು ತಿದ್ದಿಕೊಂಡದ್ದರಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಬೇರೆ. ಒಂದು ತಪ್ಪು ತಿಳಿವಳಿಕೆ ಹೋಯಿತು ಎಂದ ಮಾತ್ರಕ್ಕೆ ಉಳಿದ ಎಲ್ಲ ಪ್ರಶ್ನೆಗಳೂ ಒಂದೇ ದಿನದಲ್ಲಿ ಹೇಗೆ ಹೋದವು?

ಚಿತ್ರಕಥೆ ಬರೆಯುವವರು ಹೀಗೆ ಮಗ್ಗುಲು ಬದಲಿಸಿದ್ದು ಇದೇ ಮೊದಲಲ್ಲ. ವಿಜಯೇಂದ್ರ ಪ್ರಸಾದರು ಎಡಪಂಥದಿಂದ ಬಂದವರೆಂದು ನಾನು ಹೇಳುತ್ತಿಲ್ಲ, ಆದರೆ ನಿಜಕ್ಕೂ ಎಡದಿಂದ ಬಲಕ್ಕೆ ಹೋದವರು ಅಮೆರಿಕದಲ್ಲಿದ್ದಾರೆ. ಡೇವಿಡ್ ಮ್ಯಾಮೆಟ್ ಎಂಬವರು 1984ರಲ್ಲಿ ನಾಟಕಕ್ಕೆ ಪುಲಿಟ್ಜರ್ ಪಡೆದವರು, ‘ದಿ ವರ್ಡಿಕ್ಟ್’, ‘ದಿ ಅನ್‌ಟಚಬಲ್ಸ್’ ಚಿತ್ರಗಳನ್ನು ಬರೆದವರು. 2008ರ ಮಾರ್ಚ್‌ನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ, ನಾನಿನ್ನು ಆ ಉದಾರವಾದಿ ಗುಂಪಿನವನಲ್ಲ ಎಂದು ಲೇಖನ ಬರೆದರು. 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ಇಂದಿನ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಅವರು ಟ್ರಂಪ್ ಬೆಂಬಲಿಗರು, ಇಸ್ರೇಲಿನ ಕಟ್ಟಾ ಪರ. ಆದರೂ ಯಾರನ್ನು ಓದಿ ಬದಲಾದೆ ಎಂಬುದನ್ನು ಅವರು ಆ ಲೇಖನದಲ್ಲಿ ಹೆಸರು ಹಿಡಿದು ಹೇಳಿದ್ದಾರೆ: ಥಾಮಸ್ ಸೋವೆಲ್, ಮಿಲ್ಟನ್ ಫ್ರೀಡ್‌ಮನ್ ಮುಂತಾದವರು. ಬೇಕಾದರೆ ನಾವೂ ಆ ಪುಸ್ತಕ ಹಿಡಿದು ಅವರೊಡನೆ ವಾದಕ್ಕೆ ಕೂಡಬಹುದು. ಒಂದು ದಿನದ ಭೇಟಿಯೊಂದಿಗೆ ಹೇಗೆ ವಾದಿಸುವುದು?

ಒಂದು ದಿನ ಒಂದೇ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದು ನಮ್ಮ ಕೊಡ್ಲಿ ಸೀಮೆಯವರಿಗೆ ಚೆನ್ನಾಗಿ ಗೊತ್ತಿರಬೇಕು. 1948ರ ಕಥೆಯನ್ನೇ ತೆಗೆದುಕೊಳ್ಳಿ. ನಮ್ಮ ಮನೆಗೆ ಬಂದರೆ ದಾದಿ ತನ್ನ ತಾಯಿಯಿಂದ ಕೇಳಿದ್ದನ್ನು ಹೇಳುತ್ತಾಳೆ. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ದಿನಗಳಲ್ಲಿ ಗಂಡಸರು ರಾತ್ರಿಯೆಲ್ಲ ತೊಗರಿ ಹೊಲದಲ್ಲಿ ಅಡಗಿ ಕೂಡುತ್ತಿದ್ದರಂತೆ. ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿಯೇ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ ಮತ್ತು ಬೀದರ್ ಹೆಸರು ಬರೆದಿದೆ. ನಾಲ್ಕು ಮನೆ ದಾಟಿ ನಮ್ಮ ಓಣಿಯ ಗೌಡರ ಅಜ್ಜನ ಹತ್ತಿರ ಕೂತರೆ ಅವರು ರಜಾಕಾರರ ಹಾವಳಿ ಹೇಳುತ್ತಾರೆ. ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಕಡೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ಮಾತು ಬಂದರೆ ಅವರ ದನಿ ಇಂದಿಗೂ ನಡುಗುತ್ತದೆ. ದಾದಿಯೂ ಸುಳ್ಳು ಹೇಳುವುದಿಲ್ಲ, ಅಜ್ಜನೂ ಸುಳ್ಳು ಹೇಳುವುದಿಲ್ಲ. ಆದರೆ ಒಂದೇ ಮನೆಯ ಚಹಾ ಕುಡಿದು ಎದ್ದುಹೋದವನಿಗೆ ಅರ್ಧ ಕಥೆಯಷ್ಟೇ ಸಿಗುತ್ತದೆ. ಕಥೆ ಬರೆಯುವುದೇ ಕಸುಬಾದವರಿಗೆ ಅರ್ಧ ಕಥೆ ಸಾಕಾಗಬಾರದು.

ವಿಜಯೇಂದ್ರ ಪ್ರಸಾದರು ನಾಗಪುರಕ್ಕೆ ಹೋದದ್ದು ತಪ್ಪಲ್ಲ. ಹೋಗಿ ನೋಡಿದ್ದು ಒಳ್ಳೆಯದೇ. ನನ್ನ ಬೇಡಿಕೆ ಇಷ್ಟೇ, ಇನ್ನೊಂದು ದಿನ ಇತ್ತ ಕಡೆಗೂ ಕೊಡಲಿ. ಅಮರೇಶ್ವರ ಕ್ಯಾಂಪಿಗೆ ಬಂದವರು ನಮ್ಮ ಕಾಲೇಜಿಗೂ ಬರಬಹುದು. ಮುಸ್ಲಿಮರು ನಡೆಸುವ ಈ ಕಾಲೇಜಿನಲ್ಲಿ ತಾಂಡಾದಿಂದ ನಡೆದು ಬರುವ ಹುಡುಗಿಯರು, ಕ್ವಾರಿಯಲ್ಲಿ ಕಲ್ಲು ಒಡೆಯುವವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವುದನ್ನು ನೋಡಲಿ. 2022ರಲ್ಲಿ, ಅವರು ರಾಜ್ಯಸಭೆಗೆ ಹೋದ ಅದೇ ವರ್ಷ, ತಲೆಯ ಮೇಲಿನ ಬಟ್ಟೆಯ ಕಾರಣಕ್ಕೆ ಕರ್ನಾಟಕದ ಕಾಲೇಜು ಗೇಟುಗಳ ಹೊರಗೆ ನಿಂತ ಹುಡುಗಿಯರ ಮಾತನ್ನೂ ಕೇಳಲಿ. ಅದಾದ ಮೇಲೂ ಅವರ ಅಭಿಪ್ರಾಯ ಅದೇ ಇದ್ದರೆ ಇರಲಿ, ಆಗ ಅದಕ್ಕೊಂದು ತೂಕ ಇರುತ್ತದೆ.

ಇಷ್ಟು ಬರೆದ ಮೇಲೆ ನನ್ನ ಕಡೆಗೂ ಬೆರಳು ತಿರುಗಿಸಬೇಕಾಯಿತು. ನನಗೆ ಒಬ್ಬ ಬಾಲ್ಯದ ಗೆಳೆಯನಿದ್ದಾನೆ. ಏಳನೆಯ ತರಗತಿವರೆಗೆ ಒಂದೇ ಬುತ್ತಿ ಹಂಚಿಕೊಂಡವರು. ಒಂಬತ್ತರಲ್ಲಿ ಅವನು ಶಾಖೆಗೆ ಹೋಗುತ್ತಾನೆಂದು ಯಾರೋ ಹೇಳಿದರು. ಅಂದಿನಿಂದ ನಾನು ಮಾತು ಬಿಟ್ಟೆ. ಯಾಕೆ ಹೋಗುತ್ತೀ ಎಂದು ಒಮ್ಮೆಯೂ ಕೇಳಲಿಲ್ಲ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎಂದು ಸೂರಾ ಹುಜುರಾತ್ ಹೇಳುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನೇ.

ಈ ಸಿನಿಮಾದ ನೆಪದಲ್ಲಿ ಹೋದ ವಾರ ಅವನ ಹೊಲಕ್ಕೆ ಹೋದೆ. ಮೊದಲು ಇಬ್ಬರಿಗೂ ಮಾತು ಹೊರಡಲಿಲ್ಲ. ಆಮೇಲೆ ವಿಷಯ ಹೇಳಿದೆ. ಅವನು ನಕ್ಕು, “ನಮ್ಮ ಕಡಿನೂ ಹಿಂಗೇ ಅಂತಾರಲೇ. ಆ ಸಿನಿಮಾದಾಗ ನಿಮ್ಮವರನ್ನ ಭಾಳ ಒಳ್ಳೇರಂತ ತೋರ್ಸ್ಯಾರ, ನೋಡಬ್ಯಾಡ ಅಂತಾರ” ಎಂದ. ಅವನು ಅದನ್ನು ನಾಲ್ಕು ಸಲ ನೋಡಿದ್ದಾನೆ. ಎಲ್ಲ ವಿಷಯದಲ್ಲೂ ನಾವು ಒಂದಾದೆವು ಎಂದರೆ ಸುಳ್ಳಾಗುತ್ತದೆ. ಹಲವು ಮಾತಿಗೆ ಜಗಳವೇ ಆಯಿತು. ಆದರೆ ಎರಡು ವರ್ಷದ ಮೌನಕ್ಕಿಂತ ಆ ಒಂದು ತಾಸಿನ ಜಗಳ ಒಳ್ಳೆಯದಿತ್ತು.

ಈಗ ಸಿನಿಮಾಕ್ಕೆ ಬರೋಣ. ಬರೆದವರ ರಾಜಕೀಯ ಬದಲಾಯಿತು ಎಂದು ಬರೆದದ್ದೂ ಹಿಂದಕ್ಕೆ ಹೋಗಿ ಬದಲಾಗುವುದಿಲ್ಲ. ‘ಬಜರಂಗಿ ಭಾಯಿಜಾನ್’ನಲ್ಲಿ ಪವನ್‌ನ ಅಪ್ಪ ಶಾಖೆ ನಡೆಸುವವರು. ಆ ಮನೆಯಲ್ಲಿ ಬೆಳೆದ ಹುಡುಗನೇ ಪಾಕಿಸ್ತಾನದ ಮಗುವನ್ನು ಹೆಗಲ ಮೇಲೆ ಹೊರುತ್ತಾನೆ. ಮಸೀದಿಯೊಳಗೆ ಕಾಲಿಡಲು ಹಿಂಜರಿಯುವ ಅವನನ್ನು ಮೌಲಾನಾ ಒಳಗೆ ಕರೆದು ಕಾಪಾಡುತ್ತಾರೆ. ನಾಗಪುರ ನೋಡಿ ಬಂದ ನಂತರವೂ ವಿಜಯೇಂದ್ರ ಪ್ರಸಾದರ ಲೇಖನಿ ಇದನ್ನು ಪೂರ್ತಿ ಮರೆಯಲಿಲ್ಲ. ಅವರ ಮಾತಿನ ಲೆಕ್ಕದಲ್ಲಿ ಆ ಭೇಟಿ ಸುಮಾರು 2018ರದ್ದು. ‘ಆರ್‌ಆರ್‌ಆರ್’ ತೆರೆಗೆ ಬಂದದ್ದು 2022ರ ಮಾರ್ಚ್‌ನಲ್ಲಿ. ಅದರಲ್ಲಿ ಗೊಂಡರ ನಾಯಕ ಭೀಮ ದೆಹಲಿಯ ಒಂದು ಮುಸ್ಲಿಂ ಮನೆಯಲ್ಲಿ ಅಖ್ತರ್ ಎಂಬ ಹೆಸರಿನಲ್ಲಿ ಅಡಗಿರುತ್ತಾನೆ. 2020ರಲ್ಲಿ ಟೋಪಿ ಹಾಕಿದ ಭೀಮನ ದೃಶ್ಯ ಹೊರಬಂದಾಗ, ನಿಜಾಮನ ವಿರುದ್ಧ ಹೋರಾಡಿದವನಿಗೆ ಟೋಪಿ ಯಾಕೆ ಎಂದು ತೆಲಂಗಾಣದ ಬಿಜೆಪಿ ನಾಯಕರೇ ಗದ್ದಲ ಮಾಡಿದ್ದರು. ಮನುಷ್ಯನನ್ನು ಒಂದೇ ಭಾಷಣದಿಂದ ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕನ್ನಡದಲ್ಲೇ ಇದಕ್ಕೊಂದು ಹಳೆಯ ಉದಾಹರಣೆ ಇದೆ. ಹೊಸ ನಾಡು ಕಟ್ಟುವ ಹಾಡು ಬರೆದ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ಲೋಕಸಭೆಗೆ ನಿಂತು ಸೋತರು. ಸಮಾಜವಾದಿ ಯು.ಆರ್. ಅನಂತಮೂರ್ತಿಯವರು ಅವರ ರಾಜಕೀಯ ಒಪ್ಪಲಿಲ್ಲ, ಆದರೆ ಅಡಿಗರ ಕಾವ್ಯವನ್ನು ಕೊನೆಯವರೆಗೂ ಕೈಬಿಡಲಿಲ್ಲ. ನಾವೂ ಅಷ್ಟು ದೊಡ್ಡ ಮನಸ್ಸು ಮಾಡಬಹುದು.

ಹಾಗೆಂದು ಎಲ್ಲವನ್ನೂ ಮುಚ್ಚಿಟ್ಟು ಬರೀ ಸಿನಿಮಾ ನೋಡೋಣ ಎನ್ನುತ್ತಿಲ್ಲ. ನನ್ನ ಗೆಳೆಯನ ಆಕ್ಷೇಪದಲ್ಲಿ ನೋವಿದೆ, ಅದನ್ನು ತಳ್ಳಿಹಾಕಲು ಬರುವುದಿಲ್ಲ. ನಮ್ಮ ಮೇಲೆ ದಿನವೂ ಅನುಮಾನ ಬೀಳುವ ಕಾಲದಲ್ಲಿ, ನಮ್ಮನ್ನು ಮನುಷ್ಯರಂತೆ ತೋರಿಸಿದವರೂ ಆ ಕಡೆ ಹೋದರು ಎಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಆ ಕಡೆಯವರೊಬ್ಬರು ಮನಸ್ಸು ಬದಲಿಸಿ ನಮ್ಮ ಪರ ಮಾತಾಡಿದರೆ ನಾವೇ ಆ ವಿಡಿಯೋ ಹತ್ತು ಗ್ರೂಪಿಗೆ ಕಳಿಸುತ್ತೇವೆ. ಅವರು ಎಷ್ಟು ದಿನ ಯೋಚಿಸಿದರು ಎಂದು ಆಗ ಕೇಳುವುದಿಲ್ಲ. ಮನಸ್ಸು ಬದಲಿಸುವ ಹಕ್ಕು ನಮ್ಮ ಕಡೆಗೆ ಬರುವವರಿಗೆ ಮಾತ್ರ ಎಂದರೆ ಅದು ನ್ಯಾಯವಲ್ಲ.

ಆದ್ದರಿಂದ ಸಾಂಸ್ಕೃತಿಕ ಸಮಿತಿಗೂ ನಮ್ಮ ಪ್ರಾಂಶುಪಾಲರಿಗೂ ನನ್ನ ವಿನಂತಿ ಇದು. ನಾನು ಹೊಡೆದು ಹಾಕಿದ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಬೇಕು. ಸಿನಿಮಾ ಮುಗಿದ ಮೇಲೆ ಅರ್ಧ ತಾಸು ಚರ್ಚೆ ಇಡಬೇಕು. ಕಥೆ ಬರೆದವರು 2022ರಲ್ಲಿ ಏನು ಹೇಳಿದರು ಎಂಬುದನ್ನು ಎಲ್ಲರ ಎದುರು ಓದಬೇಕು, ಆಕ್ಷೇಪ ಎತ್ತಿದ ಗೆಳೆಯನೇ ಮೊದಲು ಮಾತಾಡಬೇಕು. ನನ್ನ ಬಾಲ್ಯದ ಗೆಳೆಯನನ್ನೂ ಅಂದು ಕರೆಯಲು ಅನುಮತಿ ಕೇಳುತ್ತಿದ್ದೇನೆ. ಬರುತ್ತೇನೆ ಎಂದಿದ್ದಾನೆ. ನನ್ನ ಪಕ್ಕದಲ್ಲೇ ಕೂಡುತ್ತಾನೆ.